ಗಲ್ಲಾಪೆಟ್ಟಿಗೆಯಿಂದ ತರಗತಿಗೆ: ಫ್ರಾನ್ಸಿನ ವ್ಯಾಪಾರ ಶಾಲೆಗಳು ಬಂದ ದಾರಿ

1819ರ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಹೊಸ ಬಗೆಯ ಶಾಲೆ ಶುರುವಾಯಿತು. ಅದರ ಹೆಸರು ‘ವಾಣಿಜ್ಯ ಮತ್ತು ಕೈಗಾರಿಕೆಯ ವಿಶೇಷ ಶಾಲೆ’. ಇಂದು ಅದನ್ನು ಇಎಸ್‌ಸಿಪಿ ಎನ್ನುತ್ತಾರೆ. ಜಗತ್ತಿನ ಅತ್ಯಂತ ಹಳೆಯ ಬಿಸಿನೆಸ್ ಸ್ಕೂಲ್ ತಾನು ಎಂದು ಅದು ಹೇಳಿಕೊಳ್ಳುತ್ತದೆ. ನೆಪೋಲಿಯನ್ ವಾಟರ್ಲೂನಲ್ಲಿ ಸೋತು ಆಗಿನ್ನೂ ನಾಲ್ಕೇ ವರ್ಷ. ದೇಶಕ್ಕೆ ಎಂಜಿನಿಯರುಗಳನ್ನು ಕೊಡಲು 1794ರಲ್ಲೇ ಹುಟ್ಟಿದ ಪಾಲಿಟೆಕ್ನಿಕ್ ಇತ್ತು. ವಕೀಲರಿಗೆ, ವೈದ್ಯರಿಗೆ ಪಾಠಶಾಲೆಗಳಿದ್ದವು. ವರ್ತಕನಿಗೆ ಮಾತ್ರ ಅಂಗಡಿಯೇ ಶಾಲೆ, ಗಲ್ಲಾಪೆಟ್ಟಿಗೆಯೇ ಪಠ್ಯ. ಹಳೆಯ ರಾಜರ ಕಾಲದಲ್ಲಂತೂ ಕುಲೀನನೊಬ್ಬ ಚಿಲ್ಲರೆ ವ್ಯಾಪಾರಕ್ಕೆ ಕೂತರೆ ಅವನ ಕುಲೀನ ಪದವಿಯೇ ಹೋಗುತ್ತಿತ್ತು. ಅಂಥ ದೇಶದಲ್ಲಿ ‘ವ್ಯಾಪಾರವನ್ನು ತರಗತಿಯಲ್ಲಿ ಕಲಿಸುತ್ತೇವೆ’ ಎಂದು ಬೋರ್ಡು ಹಾಕಿಕೊಳ್ಳುವುದು ಸಣ್ಣ ಧೈರ್ಯವೇನೂ ಅಲ್ಲ.

ನಾನು ಬೆಂಗಳೂರಿನಲ್ಲಿ ಎಂಬಿಎ ಓದುತ್ತಿದ್ದೇನೆ. ಎರಡನೇ ವರ್ಷದ ಮೊದಲ ಸೆಮಿಸ್ಟರನ್ನು ಫ್ರಾನ್ಸಿನ ಬಿಸಿನೆಸ್ ಸ್ಕೂಲೊಂದರಲ್ಲಿ ಕಳೆಯುವ ಅವಕಾಶವಿದೆ. ಆ ಯೋಜನೆಯ ಕಾಗದಪತ್ರಗಳನ್ನು ಜೋಡಿಸುತ್ತಾ ಕೂತಾಗಲೇ ನನಗೆ ಈ ಇತಿಹಾಸದ ಹುಚ್ಚು ಹತ್ತಿದ್ದು. ಅರ್ಜಿಯ ಒಂದೊಂದು ಕಾಲಮ್ಮಿನ ಹಿಂದೆಯೂ ಯಾರೋ ಜಗಳವಾಡಿದ್ದಾರೆ, ಯಾರೋ ಅವಮಾನ ನುಂಗಿದ್ದಾರೆ, ಯಾರೋ ದುಡ್ಡು ಹಾಕಿದ್ದಾರೆ. ಅದನ್ನೆಲ್ಲ ಓದುತ್ತಾ ಹೋದಂತೆ, ಹೋಗಬೇಕೋ ಬೇಡವೋ ಎಂಬ ನನ್ನ ಪ್ರಶ್ನೆಯೂ ಬೇರೆ ರೂಪ ಪಡೆಯಿತು.

ಆ ಪ್ರಶ್ನೆ ಮೊದಲು ಎತ್ತಿದ್ದು ಅಪ್ಪ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಅವರದು ಮೆಕ್ಕೆಜೋಳದ ದಲಾಲಿ ಮಂಡಿ. ಅದಕ್ಕೂ ಮುಂಚೆ ನಮ್ಮಜ್ಜ ಹತ್ತಿ ದಲಾಲರಾಗಿದ್ದರು. ಅಪ್ಪ ಹದಿನಾರನೇ ವಯಸ್ಸಿಗೆ ಕಿರ್ದಿ ಪುಸ್ತಕ ಹಿಡಿದವರು. “ಅಲ್ಲವ್ವಾ, ವ್ಯಾಪಾರ ಕಲಿಯಾಕೆ ಪ್ಯಾರಿಸ್ಸಿಗೆ ಯಾಕೆ ಹೋಗಬೇಕು? ಉದ್ರಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದನ್ನ ಯಾವ ಮೇಷ್ಟ್ರು ಹೇಳಿಕೊಡ್ತಾರೆ?” ಎಂದು ಅವರು ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾದ ಅನುಮಾನವಿತ್ತು. ಕಾಲೇಜಿಗೆಂದು ತೆಗೆದ ಶಿಕ್ಷಣ ಸಾಲ ತಲೆಯ ಮೇಲಿರುವಾಗ ಆ ಅನುಮಾನಕ್ಕೆ ತೂಕವೂ ಇತ್ತು.

ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ಸಿನವರೂ ಕೇಳಿದ್ದು ಇದನ್ನೇ. ಅದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬ ವಿಟಾಲ್ ರೂ. ಅವನು ಸ್ವತಃ ವರ್ತಕ, ಬ್ಯಾಂಕ್ ಆಫ್ ಫ್ರಾನ್ಸಿನ ಆಡಳಿತಗಾರರಲ್ಲಿ ಒಬ್ಬ, 1807ರ ಫ್ರೆಂಚ್ ವಾಣಿಜ್ಯ ಸಂಹಿತೆಯ ಕರಡು ಬರೆದವರ ಸಾಲಿನಲ್ಲಿದ್ದವನು. 1800ರಲ್ಲೇ ಅವನು ವ್ಯಾಪಾರ ಶಾಲೆಯ ಕಲ್ಪನೆಯೊಂದನ್ನು ಮುಂದಿಟ್ಟಿದ್ದ. ಅವನ ಉಪಾಯ ಸರಳವಾಗಿತ್ತು: ತರಗತಿಯೊಳಗೇ ಅಂಗಡಿ ಇಡಿ. ವಿದ್ಯಾರ್ಥಿಗಳೇ ವರ್ತಕರಾಗಲಿ; ಕಾಗದದ ಮೇಲೆ ಸರಕು ಕೊಳ್ಳಲಿ, ಮಾರಲಿ, ಪತ್ರ ಬರೆಯಲಿ, ಹುಂಡಿ ಕಳಿಸಲಿ, ಖಾತೆ ಇಡಲಿ. ಇಂದು ನಾವು ‘ಸಿಮ್ಯುಲೇಷನ್’ ಎಂದು ಲ್ಯಾಪ್‌ಟಾಪಿನಲ್ಲಿ ಆಡುವ ಆಟಗಳ ಪೂರ್ವಜ ಅದು. ಶಾಲೆಯ ಆರಂಭದ ದಿನಗಳಲ್ಲಿ ಜೊತೆ ನಿಂತ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೀನ್ ಬ್ಯಾಪ್ಟಿಸ್ಟ್ ಸೇ. ‘ಪೂರೈಕೆಯೇ ಬೇಡಿಕೆಯನ್ನು ಹುಟ್ಟಿಸುತ್ತದೆ’ ಎಂಬ ನಿಯಮದ ಜೊತೆಗೆ ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಹೆಸರು. ಆದರೆ ಅವನು ಬರೀ ಪುಸ್ತಕದ ಮನುಷ್ಯನಲ್ಲ. ಉತ್ತರ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹತ್ತಿ ನೂಲಿನ ಗಿರಣಿ ನಡೆಸಿ ಬಂದವನು. ಅಂದರೆ ಮೊದಲ ವ್ಯಾಪಾರ ಶಾಲೆಯನ್ನು ಕಟ್ಟಿದವರು ಗಲ್ಲಾಪೆಟ್ಟಿಗೆಯನ್ನು ಕೀಳಾಗಿ ಕಂಡವರಲ್ಲ, ಅದರ ಹಿಂದೆ ಕೂತು ಎದ್ದು ಬಂದವರು.

ಆದರೂ ಶಾಲೆ ಸಲೀಸಾಗಿ ನಡೆಯಲಿಲ್ಲ. ಮಾಲೀಕರು ಬದಲಾದರು, ದುಡ್ಡಿನ ಮುಗ್ಗಟ್ಟು ಬಂತು. 1830ರಿಂದ 1854ರವರೆಗೆ ಅದನ್ನು ಹಿಡಿದು ನಿಲ್ಲಿಸಿದವನು ಅಡಾಲ್ಫ್ ಬ್ಲಾಂಕಿ ಎಂಬ ಅರ್ಥಶಾಸ್ತ್ರಜ್ಞ. ಅವನ ತಮ್ಮ ಆಗುಸ್ತ್ ಬ್ಲಾಂಕಿ ಫ್ರಾನ್ಸಿನ ಹೆಸರಾಂತ ಕ್ರಾಂತಿಕಾರಿ. ಬದುಕಿನ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಜೈಲಿನಲ್ಲೇ ಕಳೆದವನು. ಅಣ್ಣ ವರ್ತಕರ ಮಕ್ಕಳಿಗೆ ಪಾಠ ಹೇಳುತ್ತಿದ್ದ, ತಮ್ಮ ಅದೇ ವರ್ತಕರ ಆಳ್ವಿಕೆಯನ್ನು ಕೆಡವಲು ಗುಪ್ತ ಸಂಘಗಳನ್ನು ಕಟ್ಟುತ್ತಿದ್ದ. ಕೊನೆಗೆ 1869ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ಶಾಲೆಯನ್ನು ಕೊಂಡುಕೊಂಡಿತು. ಫ್ರಾನ್ಸಿನ ವ್ಯಾಪಾರ ಶಾಲೆಗಳು ವಿಶ್ವವಿದ್ಯಾಲಯಗಳ ಅಂಗವಾಗಿ ಬೆಳೆಯದೆ ಊರಿನ ವಾಣಿಜ್ಯ ಮಂಡಳಿಗಳ ಆಸರೆಯಲ್ಲಿ ಬೆಳೆದದ್ದು ಹೀಗೆ. ಇಂದಿಗೂ ಅಲ್ಲಿ ವಿಶ್ವವಿದ್ಯಾಲಯದ ಶುಲ್ಕ ಕಡಿಮೆ, ಬಿಸಿನೆಸ್ ಸ್ಕೂಲಿನ ಶುಲ್ಕ ದುಬಾರಿ. ಅದರ ಬೇರು ಈ ಹಳೆಯ ವಿಭಜನೆಯಲ್ಲಿದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮುಂದಿನ ಕತೆ, ಏಕೆಂದರೆ ಅದರಲ್ಲಿ ಹತ್ತಿ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು; ಯುರೋಪಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಎಲ್ಲರ ಕಣ್ಣು ಹಿಂದೂಸ್ತಾನದ ಹತ್ತಿಯ ಮೇಲೆ ಬಿತ್ತು. ಮುಂಬೈಯಲ್ಲಿ ಹಣದ ಹೊಳೆ ಹರಿದ ಕಾಲ ಅದು. ನಮ್ಮ ಧಾರವಾಡ ಸೀಮೆಯಲ್ಲಿ ಕಂಪನಿ ಸರ್ಕಾರದ ಕಾಲದಿಂದಲೇ ಅಮೆರಿಕನ್ ತಳಿಯ ಹತ್ತಿಯನ್ನು ಬೆಳೆಸುವ ಪ್ರಯತ್ನ ನಡೆದಿತ್ತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲೇ ಅದು ಮಾರುಕಟ್ಟೆಯಲ್ಲಿ ಗುರುತಾಗಿತ್ತು. ಯುದ್ಧದ ಆ ನಾಲ್ಕು ವರ್ಷ ಅದಕ್ಕೂ ಬಂಗಾರದ ಬೆಲೆ. ಆಗ ಮುಂಬೈಗೆ ಬಂದು ವ್ಯಾಪಾರ ಕುದುರಿಸಿದವರಲ್ಲಿ ಫ್ರಾನ್ಸಿನ ಮುಲೂಸ್ ಊರಿನ ಜೂಲ್ ಮತ್ತು ಜಾಕ್ ಸೀಗ್‌ಫ್ರೀಡ್ ಎಂಬ ಅಣ್ಣತಮ್ಮಂದಿರಿದ್ದರು. ಹತ್ತಿಯಲ್ಲಿ ಅವರು ದೊಡ್ಡ ಸಂಪತ್ತು ಗಳಿಸಿದರು. 1866ರಲ್ಲಿ ಮುಲೂಸ್‌ನಲ್ಲಿ ವಾಣಿಜ್ಯ ಶಾಲೆಯೊಂದು ತೆರೆದಾಗ ಅದಕ್ಕೆ ಹಣ ಕೊಟ್ಟವರು ಇವರೇ.

ಆ ಶಾಲೆ ಬಹಳ ದಿನ ಬಾಳಲಿಲ್ಲ. 1870ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಾದ ಎದುರು ಸೋತು ಅಲ್ಸೇಸ್ ಪ್ರಾಂತ್ಯವನ್ನೇ ಬಿಟ್ಟುಕೊಟ್ಟಿತು. ಮುಲೂಸ್ ಜರ್ಮನಿಗೆ ಸೇರಿತು, ಶಾಲೆ ಮುಚ್ಚಿತು. ಆದರೆ ಸೋಲು ಬೇರೆಡೆ ಬೀಜ ಚೆಲ್ಲಿತು. ಜರ್ಮನ್ನರು ಗೆದ್ದದ್ದು ಬರೀ ಬಂದೂಕಿನಿಂದಲ್ಲ, ಶಾಲೆಗಳಿಂದ ಎಂಬ ಮಾತು ಫ್ರಾನ್ಸಿನಲ್ಲೆಲ್ಲ ಹಬ್ಬಿತ್ತು. 1871ರಲ್ಲಿ ಲೆ ಆವ್ರ್ ಮತ್ತು ರೂಆನ್, 1872ರಲ್ಲಿ ಲಿಯೋನ್ ಮತ್ತು ಮಾರ್ಸೇ, 1874ರಲ್ಲಿ ಬೋರ್ದೋ, ಹೀಗೆ ಬಂದರಿನ ಊರುಗಳಲ್ಲಿ, ಬಟ್ಟೆಯ ಊರುಗಳಲ್ಲಿ ಸಾಲಾಗಿ ಶಾಲೆಗಳು ಹುಟ್ಟಿದವು. 1881ರಲ್ಲಿ ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ಎಚ್‌ಇಸಿಯನ್ನು ತೆರೆಯಿತು. ಅಜ್ಜನ ಹತ್ತಿಗೂ ಆ ಸೀಗ್‌ಫ್ರೀಡರ ಹತ್ತಿಗೂ ಸಂಬಂಧ ಕಟ್ಟುವುದು ತಪ್ಪಾದೀತು. ಕಾಲ ಬೇರೆ, ಊರು ಬೇರೆ. ಆದರೆ ಫ್ರಾನ್ಸಿನ ವ್ಯಾಪಾರ ಶಾಲೆಯ ಬುನಾದಿಯಲ್ಲಿ ನಮ್ಮ ನೆಲದ ಹತ್ತಿಯ ದುಡ್ಡೂ ಸೇರಿದೆ ಎನ್ನುವುದಕ್ಕೆ ಅಡ್ಡಿಯಿಲ್ಲ. ಅಲ್ಲಿಗೆ ಹೋಗುವಾಗ ಕೈಚಾಚಿಕೊಂಡು ಹೋಗುವ ಭಾವ ಬೇಡ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಶಾಲೆಗಳಿಗೆ ಗೌರವ ಬಂದದ್ದು ಮಾತ್ರ ವಿಚಿತ್ರ ದಾರಿಯಿಂದ. 1889ರ ಕಾನೂನು ಎಲ್ಲ ಗಂಡಸರಿಗೂ ಮೂರು ವರ್ಷದ ಸೈನಿಕ ಸೇವೆ ಎಂದಿತು. ಸರ್ಕಾರ ಮಾನ್ಯ ಮಾಡಿದ ವಾಣಿಜ್ಯ ಶಾಲೆಗಳ ಡಿಪ್ಲೊಮಾ ಪಡೆದವರಿಗೆ ಒಂದೇ ವರ್ಷ ಸಾಕು ಎಂದಿತು. ತಕ್ಷಣ ಶ್ರೀಮಂತರ ಮನೆಗಳಲ್ಲಿ ವಾಣಿಜ್ಯದ ಮೇಲೆ ಪ್ರೀತಿ ಉಕ್ಕಿತು! 1905ರಲ್ಲಿ ಆ ರಿಯಾಯಿತಿ ಹೋದಾಗ ಶಾಲೆಗಳು ಮತ್ತೆ ಪರದಾಡಿದವು. ಇಂದು ಆ ಶಾಲೆಗಳ ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಿಯುಸಿಯಂಥ ಹಂತ ಮುಗಿಸಿದ ಮೇಲೆ ಎರಡು ವರ್ಷ ಹಗಲಿರುಳು ಓದಿ, ‘ಕೋಂಕೂರ್’ ಎಂಬ ಸ್ಪರ್ಧಾ ಪರೀಕ್ಷೆ ಬರೆದು ಒಳಹೋಗುವ ಮಕ್ಕಳು ಅಲ್ಲಿದ್ದಾರೆ. ನಮ್ಮ ಸಿಇಟಿ, ಕ್ಯಾಟ್ ಕಂಡವರಿಗೆ ಅದು ಹೊಸದೇನಲ್ಲ.

ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಲು ಇನ್ನೂ ತಡವಾಯಿತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಲೂಲಿ ಸನುವಾ ಎಂಬಾಕೆ ಹುಡುಗಿಯರಿಗಾಗಿಯೇ ಪ್ರತ್ಯೇಕ ಉನ್ನತ ವಾಣಿಜ್ಯ ಶಾಲೆಯನ್ನು ಪ್ಯಾರಿಸ್ಸಿನಲ್ಲಿ ಕಟ್ಟಿದರು. ಗಂಡಸರು ರಣರಂಗದಲ್ಲಿದ್ದರು, ಕಚೇರಿಗಳು ಖಾಲಿಯಾಗಿದ್ದವು. ಎಚ್‌ಇಸಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1973ರಲ್ಲಿ. ನಮ್ಮ ಬೆಂಗಳೂರಿನ ಐಐಎಂ ಹುಟ್ಟಿದ್ದೂ ಅದೇ ವರ್ಷ. ನಮ್ಮ ಮಂಡಿಯ ಗಲ್ಲಾದ ಮೇಲೆ ನಮ್ಮಮ್ಮ ಎಂದೂ ಕೂತವರಲ್ಲ. ಲೆಕ್ಕ ಮಾತ್ರ ರಾತ್ರಿ ಮನೆಯಲ್ಲಿ ಅವರೇ ತಾಳೆ ಹಾಕುತ್ತಿದ್ದರು. ಗಲ್ಲಾಪೆಟ್ಟಿಗೆ ಒಳ್ಳೆಯ ಗುರುವೇ ಇರಬಹುದು. ಆದರೆ ಅದು ಶಿಷ್ಯರನ್ನು ಆರಿಸಿಕೊಳ್ಳುವಾಗ ಭೇದ ಮಾಡುತ್ತಿತ್ತು. ಶಾಲೆಯ ಪರವಾಗಿ ನಾನು ಹೇಳಬಹುದಾದ ಮೊದಲ ಮಾತು ಇದು.

ಇನ್ನು ‘ಎಕ್ಸ್‌ಚೇಂಜ್’ ಎಂಬುದರ ಇತಿಹಾಸ. ವರ್ತಕರ ಲೋಕದಲ್ಲಿ ಇದು ಶಾಲೆಗಿಂತ ಹಳೆಯದು. ಯುರೋಪಿನ ವ್ಯಾಪಾರಿ ಮನೆತನಗಳು ತಮ್ಮ ಹುಡುಗರನ್ನು ದೂರದ ಊರಿನ ಪರಿಚಿತ ಕೋಠಿಗೆ ಕಳಿಸಿ, ಅಲ್ಲಿನ ಭಾಷೆ ಮತ್ತು ಲೆಕ್ಕ ಕಲಿಸುತ್ತಿದ್ದವು. ಹದಿನೈದನೇ ಶತಮಾನದಲ್ಲಿ ಜರ್ಮನಿಯ ಯಾಕೋಬ್ ಫುಗ್ಗರ್ ವೆನಿಸ್ಸಿಗೆ ಹೋಗಿ ವ್ಯಾಪಾರ ಕಲಿತು ಬಂದ. ಮುಂದೆ ರಾಜರಿಗೇ ಸಾಲ ಕೊಡುವಷ್ಟು ಬೆಳೆದ. ನಮ್ಮ ಕಡೆಯಿಂದ ಫ್ರಾನ್ಸಿಗೆ ಹೋದವರನ್ನು ನೆನೆದರೆ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಕಣ್ಣ ಮುಂದೆ ಬರುತ್ತಾರೆ. 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿ, 1788ರ ಜೂನಿನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಬೇಡಿದ್ದು ಸೈನ್ಯದ ನೆರವು, ಜೊತೆಗೆ ಕುಶಲಕರ್ಮಿಗಳು. ಸೈನ್ಯ ಸಿಗಲಿಲ್ಲ, ಕುಶಲಕರ್ಮಿಗಳು ಬಂದರು. ಮರು ವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ. ಇತ್ತ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಹುಕಾಲ ಉಳಿಯಿತು.

ವಿಶ್ವವಿದ್ಯಾಲಯಗಳ ಲೋಕದಲ್ಲಿ ಅಲೆದಾಟ ಇನ್ನೂ ಹಳೆಯದು. ಹನ್ನೆರಡನೇ ಶತಮಾನದಲ್ಲಿ ಬೊಲೊನ್ಯಾಕ್ಕೆ ಕಾನೂನು ಓದಲು ಬರುತ್ತಿದ್ದ ಪರದೇಶಿ ಹುಡುಗರಿಗೆ ಒಂದು ಭಯವಿತ್ತು. ಅವರ ಊರಿನವನೊಬ್ಬ ಅಲ್ಲಿ ಸಾಲ ಮಾಡಿ ಓಡಿಹೋಗಿದ್ದರೆ, ಸಾಲಕೊಟ್ಟವರು ಅದೇ ಊರಿನ ವಿದ್ಯಾರ್ಥಿಯನ್ನು ಹಿಡಿದು ವಸೂಲಿ ಮಾಡುತ್ತಿದ್ದರು. 1158ರ ಸುಮಾರಿಗೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಶಾಸನ ಹೊರಡಿಸಿ ಇದನ್ನು ತಡೆದ. ಓದಲು ದೇಶ ಬಿಟ್ಟು ಬಂದವರನ್ನು ಇನ್ನೊಬ್ಬರ ಸಾಲಕ್ಕೆ ಹಿಡಿಯಬಾರದು, ಅವರ ಪ್ರಯಾಣಕ್ಕೆ ರಕ್ಷಣೆ ಕೊಡಬೇಕು ಎಂದ. ವಿದ್ಯಾರ್ಥಿ ವೀಸಾದ ಅಜ್ಜ ಇದು ಎಂದು ನಾನು ಅಂದುಕೊಂಡಿದ್ದೇನೆ. ಕ್ಯಾಂಪಸ್ ಫ್ರಾನ್ಸಿನ ಅರ್ಜಿ, ಬ್ಯಾಂಕಿನ ಪತ್ರ, ಆಮೇಲೆ ವೀಸಾ, ಅಲ್ಲಿ ಇಳಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ಊರ್ಜಿತ ಮಾಡುವುದು ಎಂಬ ಸರಣಿ ಬೇಸರ ತರಿಸಿದಾಗೆಲ್ಲ ಆ ಹುಡುಗರನ್ನು ನೆನೆಯುತ್ತೇನೆ.

ವಸತಿಯ ಜಗಳವೂ ಅಷ್ಟೇ ಹಳೆಯದು. 1229ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳಿಗೂ ಊರವರಿಗೂ ಹೊಡೆದಾಟವಾಗಿ, ಸಾವುಗಳಾಗಿ, ಮೇಷ್ಟ್ರುಗಳೇ ಪಾಠ ನಿಲ್ಲಿಸಿ ಊರು ಬಿಟ್ಟರು. ಎರಡು ವರ್ಷದ ನಂತರ ಪೋಪ್ ಒಂಬತ್ತನೇ ಗ್ರೆಗರಿ ಹೊರಡಿಸಿದ ಆಜ್ಞೆಯಲ್ಲಿ ಕೋಣೆಗಳ ಬಾಡಿಗೆಗೆ ದರ ಕಟ್ಟುವ ವಿಷಯವೂ ಸೇರಿತ್ತು! ಇಂದು ಕೋಣೆ ಬೇಕೆಂದರೆ ಫ್ರೆಂಚ್ ಜಾಮೀನುದಾರ ಬೇಕು ಎನ್ನುತ್ತಾರೆ. ಅಲ್ಲಿ ನಮಗೆ ಯಾರು ಜಾಮೀನು ಹಾಕುತ್ತಾರೆ? ಅದಕ್ಕೆ ‘ವಿಸಾಲ್’ ಎಂಬ ಉಚಿತ ಬಾಡಿಗೆ ಖಾತರಿ ಇದೆ. ವೀಸಾ ಸಿಕ್ಕ ಮೇಲೆ ಅದಕ್ಕೆ ಅರ್ಜಿ ಹಾಕಬಹುದು. ಪ್ಯಾರಿಸ್ಸಿನಲ್ಲೇ ಓದುವವರಿಗೆ 1925ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿದ್ಯಾರ್ಥಿ ನಗರವಿದೆ. ಅಲ್ಲಿ 1968ರಿಂದ ಭಾರತದ ಮನೆಯೂ ಇದೆ. ಜಾಮೀನಿನ ವಿಷಯ ಹೇಳಿದಾಗ ಮಾತ್ರ ಅಪ್ಪ ಕಿವಿಗೊಟ್ಟು ಕೇಳಿದರು. ಗುರುತಿಲ್ಲದವನಿಗೆ ಹೇಗೆ ನಂಬಿಕೆ ಕೊಡುವುದು ಎಂಬುದು ಅವರ ದಿನನಿತ್ಯದ ಕಸುಬು.

ಎಕ್ಸ್‌ಚೇಂಜಿಗೆ ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕಾದ ಹೆಸರು ಸೋಫಿಯಾ ಕೊರ್ರಾದಿ. ರೋಮಿನಲ್ಲಿ ಕಾನೂನು ಓದುತ್ತಿದ್ದ ಆಕೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ಮರಳಿದರು. ಅಲ್ಲಿ ಓದಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿದಾಗ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಎಲ್ಲರೆದುರು ಅವಮಾನವಾಯಿತು. ಆಕೆ ಅದನ್ನು ಮರೆಯಲಿಲ್ಲ. 1969ರಲ್ಲಿ ಇಟಲಿಯ ಕುಲಪತಿಗಳ ಸಮ್ಮೇಳನಕ್ಕೆ ಸಲಹೆಗಾರ್ತಿಯಾಗಿದ್ದಾಗ, ಪರದೇಶದಲ್ಲಿ ಓದಿದ್ದಕ್ಕೆ ಮನೆಯಲ್ಲಿ ಮಾನ್ಯತೆ ಸಿಗಬೇಕೆಂದು ಟಿಪ್ಪಣಿ ಬರೆದರು. ಅಲ್ಲಿಂದ ಹದಿನೆಂಟು ವರ್ಷ ಬಿಡದೆ ಬೆನ್ನುಹತ್ತಿದರು. 1987ರಲ್ಲಿ ಎರಾಸ್ಮಸ್ ಯೋಜನೆ ಬಂತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋದರು. ಯೋಜನೆಗೆ ಹೆಸರಾದ ರಾಟರ್‌ಡ್ಯಾಮಿನ ಎರಾಸ್ಮಸ್ ಕೂಡ ಪ್ಯಾರಿಸ್ಸಿನಲ್ಲಿ ಓದಿದವನೇ. ಅವನ ಹಾಸ್ಟೆಲಿನ ಕೊಳೆತ ಮೊಟ್ಟೆಗಳ ಬಗ್ಗೆ ಜೀವಮಾನವಿಡೀ ಗೊಣಗಿದವನು.

ಎರಾಸ್ಮಸ್ ಯುರೋಪಿನವರಿಗೆಂದು ಹುಟ್ಟಿದ ಯೋಜನೆ. ನಮ್ಮಂಥವರು ಹೆಚ್ಚಾಗಿ ಹೋಗುವುದು ಎರಡು ಕಾಲೇಜುಗಳ ನಡುವಿನ ಒಪ್ಪಂದದ ಮೇಲೆ. ಆದರೆ ಕೊರ್ರಾದಿ ಗೆದ್ದುಕೊಟ್ಟ ಸಲಕರಣೆಗಳೇ ನಮಗೂ ಆಧಾರ. 1989ರಲ್ಲಿ ಬಂದ ಇಸಿಟಿಎಸ್ ಎಂಬ ಕ್ರೆಡಿಟ್ ಲೆಕ್ಕದಲ್ಲಿ ವರ್ಷಕ್ಕೆ 60, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಬರಹ ಸೇರಿ 25ರಿಂದ 30 ಗಂಟೆಗಳ ದುಡಿಮೆ. 1999ರ ಬೊಲೊನ್ಯಾ ಘೋಷಣೆಗೆ 29 ದೇಶಗಳು ಸಹಿ ಹಾಕಿದ ಮೇಲೆ ಇದು ಇಡೀ ಖಂಡದ ನಾಣ್ಯವಾಯಿತು. ಭಾರತ ಮತ್ತು ಫ್ರಾನ್ಸ್ 2018ರಲ್ಲಿ ಪರಸ್ಪರ ಪದವಿಗಳನ್ನು ಮಾನ್ಯ ಮಾಡುವ ಒಪ್ಪಂದ ಮಾಡಿಕೊಂಡವು. 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳು ಬರಲಿ ಎಂದು ಅಧ್ಯಕ್ಷ ಮಾಕ್ರೋನ್ 2024ರಲ್ಲಿ ಹೇಳಿದರು.

ನಾಣ್ಯವಿದ್ದ ಮೇಲೆ ವಟ್ಟವೂ ಇರುತ್ತದೆ. ಫ್ರಾನ್ಸಿನಲ್ಲಿ ಅಂಕ 20ಕ್ಕೆ. ಹತ್ತು ಬಂದರೆ ಪಾಸು, ಹನ್ನೆರಡು ಪರವಾಗಿಲ್ಲ, ಹದಿನಾಲ್ಕು ಒಳ್ಳೆಯದು, ಹದಿನಾರು ಅತ್ಯುತ್ತಮ. ಇಪ್ಪತ್ತು ದೇವರಿಗೆ, ಹತ್ತೊಂಬತ್ತು ಮೇಷ್ಟ್ರಿಗೆ ಎಂಬ ಹಳೆಯ ತಮಾಷೆ ಅಲ್ಲಿದೆ. ಇಲ್ಲಿನ ಕಚೇರಿ ಅದನ್ನು ಸುಮ್ಮನೆ ಐದರಿಂದ ಗುಣಿಸಿದರೆ, ಅಲ್ಲಿ ‘ಒಳ್ಳೆಯದು’ ಅನ್ನಿಸಿಕೊಂಡ ಹದಿನಾಲ್ಕು ಇಲ್ಲಿ ಬರೀ ಎಪ್ಪತ್ತಾಗುತ್ತದೆ. ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ಸಿಜಿಪಿಎ ಇಳಿದರೆ ಶಿಕ್ಷಣ ಸಾಲದ ಕಂತು ಕಟ್ಟುವವರು ಯಾರು? ನನ್ನಂಥವಳಿಗೆ ಇದು ಐಫೆಲ್ ಗೋಪುರಕ್ಕಿಂತ ಮುಖ್ಯವಾದ ವಿಷಯ. ಅದಕ್ಕೇ ನಾನು ಮೊದಲು ಕೇಳಿದ್ದು, ಅಲ್ಲಿನ ಅಂಕ ನಮ್ಮ ಸಿಜಿಪಿಎಗೆ ಸೇರುತ್ತದೋ, ಇಲ್ಲಾ ಪಾಸು-ಫೇಲು ಎಂದಷ್ಟೇ ದಾಖಲಾಗುತ್ತದೋ ಎಂದು. ಪಾಸು-ಫೇಲು ಮಾತ್ರ ಎಂದು ಲಿಖಿತವಾಗಿ ಉತ್ತರ ಬಂದಿದೆ.

ಇಷ್ಟೆಲ್ಲ ತೂಗಿ ನಾನು ಪ್ಯಾರಿಸ್ ಬಿಟ್ಟು ಲಿಯೋನ್ ಆರಿಸಿಕೊಂಡಿದ್ದೇನೆ. ಕಾರಣ ಒಂದು, ಖರ್ಚು. ಎಕ್ಸ್‌ಚೇಂಜಿನಲ್ಲಿ ಬೋಧನಾ ಶುಲ್ಕ ಇಲ್ಲಿನ ಕಾಲೇಜಿಗೇ ಕಟ್ಟುವುದರಿಂದ ಹೊರೆ ಬೀಳುವುದು ಬಾಡಿಗೆ, ಊಟ, ವಿಮಾನ, ವಿಮೆಗಳ ಮೇಲೆ. ನನ್ನ ಲೆಕ್ಕದಲ್ಲಿ ಐದು ತಿಂಗಳಿಗೆ ಸುಮಾರು ಐದು ಲಕ್ಷ. ಪ್ಯಾರಿಸ್ಸಿನಲ್ಲಾದರೆ ಬಾಡಿಗೆಯೊಂದೇ ಅದನ್ನು ಇನ್ನೂ ಮೇಲೆ ಒಯ್ಯುತ್ತದೆ. ಕಾರಣ ಎರಡು, ಊರಿನ ಹಿನ್ನೆಲೆ. ಹನ್ನೊಂದನೇ ಲೂಯಿ 1463ರಲ್ಲಿ ಲಿಯೋನಿಗೆ ವರ್ಷಕ್ಕೆ ನಾಲ್ಕು ಸಂತೆಗಳ ಹಕ್ಕು ಕೊಟ್ಟ. ಇಟಲಿಯ ಲೇವಾದೇವಿಗಾರರು ಅಲ್ಲಿ ಸೇರಿ, ಹುಂಡಿಗೆ ಹುಂಡಿ ವಜಾ ಹಾಕಿ, ಉಳಿದ ಅಲ್ಪ ಮೊತ್ತವನ್ನಷ್ಟೇ ನಗದಾಗಿ ತೀರಿಸಿಕೊಳ್ಳುತ್ತಿದ್ದರು. ರೇಷ್ಮೆ ನೇಕಾರರು 1831 ಮತ್ತು 1834ರಲ್ಲಿ ಕೂಲಿಗಾಗಿ ದಂಗೆಯೆದ್ದದ್ದೂ ಅಲ್ಲೇ. ಸಂತೆಯೂ, ಹುಂಡಿಯೂ, ನೇಕಾರರ ಸಿಟ್ಟೂ ಇರುವ ಊರು ದಾವಣಗೆರೆಯವಳಿಗೆ ಅಪರಿಚಿತ ಅನ್ನಿಸುವುದಿಲ್ಲ.

ಅಪ್ಪನ ಅನುಮಾನಕ್ಕೆ ನನ್ನ ಉತ್ತರ ಈಗ ಹೀಗಿದೆ. ಉದ್ರಿ ಯಾರಿಗೆ ಕೊಡಬೇಕೆಂಬುದನ್ನು ಯಾವ ಶಾಲೆಯೂ ಕಲಿಸಲಾರದು. ಅದನ್ನು ಇಪ್ಪತ್ತು ವರ್ಷ ಒಂದೇ ಯಾರ್ಡಿನಲ್ಲಿ ಕೂತವರೇ ಬಲ್ಲರು. ಆದರೆ ಯಾರ್ಡಿನ ಆಚೆಗೆ, ಮುಖ ಪರಿಚಯವಿಲ್ಲದವರ ನಡುವೆ ನಂಬಿಕೆ ಹೇಗೆ ಕಟ್ಟುತ್ತಾರೆ ಎಂಬುದೂ ಒಂದು ವಿದ್ಯೆ. ಹುಂಡಿ, ಜಾಮೀನು, ಕ್ರೆಡಿಟ್, ವೀಸಾ ಎಲ್ಲವೂ ಆ ವಿದ್ಯೆಯ ಸಲಕರಣೆಗಳೇ. ಅದನ್ನು ಕಲಿಯಲು ಸ್ವಲ್ಪ ದಿನ ನಾವೇ ಅಪರಿಚಿತರಾಗಬೇಕಾಗುತ್ತದೆ. ಫುಗ್ಗರ್ ವೆನಿಸ್ಸಿನಲ್ಲಿ ಆದದ್ದು ಅದೇ.

ಹೊರಡುವ ಯೋಚನೆಯಲ್ಲಿರುವ ಗೆಳೆಯರಿಗೆ ಒಂದು ಮಾತು. ನಗರದ ಫೋಟೋ ನೋಡುವ ಮೊದಲು ‘ಲರ್ನಿಂಗ್ ಅಗ್ರಿಮೆಂಟ್’ ಎಂಬ ಹಾಳೆ ತುಂಬಿಸಿ. ಅಲ್ಲಿ ಯಾವ ಕೋರ್ಸು, ಎಷ್ಟು ಕ್ರೆಡಿಟ್, ಇಲ್ಲಿ ಯಾವುದರ ಬದಲಿಗೆ ಎಂಬುದೆಲ್ಲ ಅದರಲ್ಲಿರಬೇಕು. ಎರಡೂ ಕಾಲೇಜಿನವರ ಸಹಿ ಬೀಳಬೇಕು. ನನ್ನ ಹಾಳೆಯಲ್ಲಿ ಆರು ಕೋರ್ಸುಗಳಿವೆ, ಒಟ್ಟು 30 ಕ್ರೆಡಿಟ್. ಇಲ್ಲಿನ ಸಹಿಯಾಗಿದೆ, ಲಿಯೋನಿನ ಸಹಿ ಇನ್ನೂ ಬರಬೇಕು. ಕೊರ್ರಾದಿ ಹೊರಟಾಗ ಅಂಥ ಹಾಳೆ ಯಾರ ಬಳಿಯೂ ಇರಲಿಲ್ಲ.